ಕಾಲು ಸುತ್ತಿನ ಲೆಕ್ಕ

ಮುಂಜಾನೆ ಚೋಕ್ ಎಳೆದು ನಾಲ್ಕು ಸಲ ಸೆಲ್ಫ್ ಹೊಡೆದ ಮೇಲೆ ಹಳೆಯ ಫಿಯಟ್ ಕಾರು ಕೆಮ್ಮುತ್ತ ಏಳುತ್ತದೆ. ಹತ್ತು ನಿಮಿಷ ಓಡಿ ಎಂಜಿನ್ ಬಿಸಿಯಾದ ಮೇಲೂ ಅದರ ಸದ್ದು ಒಂದೇ ಸಮನಾಗುವುದಿಲ್ಲ. ಆಕ್ಸಿಲರೇಟರ್ ಮೇಲಿನ ಕಾಲು ತೆಗೆದರೆ ನಿಂತೇ ಹೋಗುತ್ತದೆ. ನಿಲ್ಲದಿದ್ದರೆ ಸೀಟಿನಿಂದ ಸ್ಟೇರಿಂಗಿನವರೆಗೆ ಎಲ್ಲವೂ ನಡುಗುತ್ತದೆ. ಹಿಂದೆ ನಿಂತವರಿಗೆ ಕಣ್ಣುರಿ. ರಟ್ಟೀಹಳ್ಳಿ, ಹಿರೇಕೆರೂರು, ಹಾನಗಲ್ಲಿನಂಥ ಊರುಗಳಲ್ಲಿ ಇಂಥ ಕಾರಿನ ಮಾಲೀಕರು ಗ್ಯಾರೇಜಿಗೆ ಹೋಗಿ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ಮಿಸ್ತ್ರಿ, ಸ್ಲೋ ನಿಲ್ಲವಲ್ದು, ಸ್ವಲ್ಪ ಟ್ಯೂನಿಂಗ್ ಮಾಡ್ರಿ.’

ಮಿಸ್ತ್ರಿ ಬಾನೆಟ್ ಎತ್ತುತ್ತಾರೆ. ಕೈಯಲ್ಲಿ ಒಂದು ಸ್ಕ್ರೂಡ್ರೈವರ್, ಎಂಜಿನ್ ಕಡೆಗೆ ವಾಲಿದ ಒಂದು ಕಿವಿ. ಕಾರ್ಬುರೇಟರಿನ ಬದಿಯಲ್ಲಿರುವ, ಕಿರುಬೆರಳಿಗಿಂತ ಸಣ್ಣದಾದ ಒಂದು ಸ್ಕ್ರೂವನ್ನು ಅತ್ತ ಕಾಲು ಸುತ್ತು, ಇತ್ತ ಅರೆಕಾಲು ಸುತ್ತು ತಿರುಗಿಸುತ್ತಾರೆ. ನಡುಕ ನಿಂತು ಎಂಜಿನ್ ಸದ್ದು ಹದಕ್ಕೆ ಬರುತ್ತದೆ. ನೋಡುವವರಿಗೆ ಇದು ಕೈಚಳಕ. ಆದರೆ ಆ ಕಾಲು ಸುತ್ತಿನ ಹಿಂದೆ ರಸಾಯನಶಾಸ್ತ್ರದ ಒಂದು ಲೆಕ್ಕ ಇದೆ, ಕಾನೂನಿನ ಒಂದು ಮಿತಿ ಇದೆ. ಕಳೆದ ಕೆಲವು ವರ್ಷಗಳಲ್ಲಿ ಪೆಟ್ರೋಲೇ ಬದಲಾಗಿರುವುದರಿಂದ, ಹಿಂದೆ ಸರಿಯಾಗಿದ್ದ ಆ ಲೆಕ್ಕ ಈಗ ತಪ್ಪುತ್ತಿದೆ.

ಗಾಳಿ ಎಷ್ಟು, ಪೆಟ್ರೋಲ್ ಎಷ್ಟು?

ಪೆಟ್ರೋಲ್ ತಾನಾಗಿ ಎಂಜಿನ್ ಓಡಿಸುವುದಿಲ್ಲ. ಅದು ಗಾಳಿಯೊಂದಿಗೆ ಬೆರೆತು ಉರಿಯಬೇಕು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ಇದಕ್ಕಿಂತ ಕಡಿಮೆಯಾದರೆ ಮಿಶ್ರಣ ಗಟ್ಟಿ, ಹೆಚ್ಚಾದರೆ ತೆಳು. ಗ್ಯಾರೇಜಿನ ಭಾಷೆಯಲ್ಲಿ ‘ರಿಚ್’ ಮತ್ತು ‘ಲೀನ್’. ಅಂಬಲಿಯ ಹದವಿದ್ದಂತೆ ಇದು. ತೀರಾ ಗಟ್ಟಿಯಾದರೂ ಇಳಿಯದು, ತೀರಾ ತೆಳುವಾದರೂ ಹೊಟ್ಟೆ ತುಂಬದು.

ಈ ಹದ ಕೂಡಿಸುವುದೇ ಕಾರ್ಬುರೇಟರಿನ ಕೆಲಸ. ಪೆಟ್ರೋಲನ್ನು ಸಣ್ಣ ರಂಧ್ರದಿಂದ ಗಾಳಿಯ ಹರಿವಿಗೆ ಸಿಂಪಡಿಸುವ ಬಗೆಯ ಕಾರ್ಬುರೇಟರನ್ನು ಜರ್ಮನಿಯ ವಿಲ್ಹೆಲ್ಮ್ ಮೇಬ್ಯಾಕ್ 1893ರಲ್ಲಿ ರೂಪಿಸಿದರು. ಅದರ ತತ್ವ ಸರಳ. ಗಾಳಿ ಇಕ್ಕಟ್ಟಾದ ಕೊರಳಿನಲ್ಲಿ ನುಗ್ಗುವಾಗ ಅದರ ವೇಗ ಹೆಚ್ಚಿ, ಒತ್ತಡ ಇಳಿಯುತ್ತದೆ. ಆ ಸೆಳೆತಕ್ಕೆ ಪಕ್ಕದ ಬಟ್ಟಲಿನಲ್ಲಿರುವ ಪೆಟ್ರೋಲ್ ‘ಜೆಟ್’ ಎಂಬ ಸಣ್ಣ ತೂತಿನಿಂದ ಚಿಮ್ಮಿ ಗಾಳಿಯಲ್ಲಿ ಬೆರೆಯುತ್ತದೆ. ಬಟ್ಟಲಿನಲ್ಲಿ ತೇಲುವ ಫ್ಲೋಟ್ ಪೆಟ್ರೋಲಿನ ಮಟ್ಟ ಕಾಯುತ್ತದೆ. ಮಾಸೂರಿನ ಮದಗದ ಕೆರೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬಟ್ಟಲು ಕೆರೆಯಾದರೆ ಜೆಟ್ ಅದರ ತೂಬು. ಕೆರೆಯ ಮಟ್ಟ ಮತ್ತು ತೂಬಿನ ಅಳತೆ ಎರಡೂ ಸರಿಯಿದ್ದರೆ ಮಾತ್ರ ಕಾಲುವೆಗೆ ಬೇಕಾದಷ್ಟು ನೀರು.

ತೊಡಕು ಬರುವುದು ಕಾರು ನಿಂತು ಎಂಜಿನ್ ಮಾತ್ರ ಓಡುವಾಗ. ಆಗ ಥ್ರಾಟಲ್ ತಟ್ಟೆ ಬಹುಪಾಲು ಮುಚ್ಚಿರುತ್ತದೆ. ಕೊರಳಿನಲ್ಲಿ ಹರಿಯುವ ಗಾಳಿ ಎಷ್ಟು ಕಡಿಮೆಯೆಂದರೆ ದೊಡ್ಡ ಜೆಟ್ಟಿನಿಂದ ಪೆಟ್ರೋಲ್ ಎಳೆಯುವ ಶಕ್ತಿ ಅದಕ್ಕಿಲ್ಲ. ಆದರೆ ತಟ್ಟೆಯ ಆಚೆ, ಎಂಜಿನ್ ಕಡೆಗೆ, ನಿರ್ವಾತದ ಸೆಳೆತ ಬಲವಾಗಿರುತ್ತದೆ. ಅದನ್ನು ಬಳಸಿಕೊಳ್ಳಲೆಂದೇ ತಟ್ಟೆಯ ಅಂಚಿಗೆ ಬೇರೊಂದು ಸಣ್ಣ ಹಾದಿ ಕೊರೆದಿರುತ್ತಾರೆ. ಅದೇ ಸ್ಲೋ ಹಾದಿ. ಅದರ ಬಾಯಿಗೆ ಅಡ್ಡ ನಿಂತ ಚೂಪು ಮೂತಿಯ ಸ್ಕ್ರೂವೇ ಮಿಕ್ಸ್ಚರ್ ಸ್ಕ್ರೂ.

ನಿಂತ ಎಂಜಿನ್ನಿಗೆ ತುಸು ಗಟ್ಟಿ ಮಿಶ್ರಣವೇ ಬೇಕಾಗುತ್ತದೆ. ಒಳಗೆ ಬರುವ ಹೊಸ ಮಿಶ್ರಣ ಅತ್ಯಲ್ಪವಾದ್ದರಿಂದ, ಹಿಂದಿನ ಸಲ ಉರಿದು ಉಳಿದ ಹೊಗೆ ಅದನ್ನು ದುರ್ಬಲಗೊಳಿಸುತ್ತದೆ. ಆದ್ದರಿಂದ ಹದದ ಅಂಚು ಇಲ್ಲಿ ಬಹಳ ಕಿರಿದು. ಕಾಲು ಸುತ್ತು ಸ್ಕ್ರೂ ಆಚೀಚೆಯಾದರೂ ಎಂಜಿನ್ ದೂರು ಹೇಳುವುದು ಇದೇ ಕಾರಣಕ್ಕೆ.

ಕಿವಿಗೆ ಕೇಳುವ ತಪ್ಪು

ನುರಿತ ಮಿಸ್ತ್ರಿ ಮೊದಲು ಮಿಕ್ಸ್ಚರ್ ಸ್ಕ್ರೂ ಮುಟ್ಟುವುದಿಲ್ಲ. ಕಾರ್ಬುರೇಟರ್ ಮೇಲೆ ಹೊರಿಸುವ ಅನೇಕ ತಪ್ಪುಗಳು ಅದರದ್ದಲ್ಲ. ಡಿಸ್ಟ್ರಿಬ್ಯೂಟರಿನ ಪಾಯಿಂಟು ಸವೆದಿರಬಹುದು. ಅದರ ಅಂತರ ಸಾಮಾನ್ಯವಾಗಿ 0.4 ಮಿಲಿಮೀಟರಿನ ಆಸುಪಾಸಿನಲ್ಲಿರಬೇಕು. ಟ್ಯಾಪೆಟ್ ಬಿಗಿಯಾಗಿರಬಹುದು. ಏರ್ ಫಿಲ್ಟರ್ ಧೂಳು ತುಂಬಿಕೊಂಡಿರಬಹುದು. ಕಾರ್ಬುರೇಟರ್ ಕೆಳಗಿನ ಪ್ಯಾಕಿಂಗ್ ಬಿರಿದು, ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತಿರಬಹುದು. ಇವನ್ನು ಬಿಟ್ಟು ಸ್ಕ್ರೂ ತಿರುಗಿಸುವುದೆಂದರೆ ಮನೆ ಸೋರುತ್ತಿರುವಾಗ ಪಾತ್ರೆ ಬದಲಾಯಿಸಿದಂತೆ.

ಇವೆಲ್ಲ ಸರಿಯಿದ್ದ ಮೇಲೆ, ಎಂಜಿನ್ ಪೂರ್ತಿ ಬಿಸಿಯಾಗಿ, ಚೋಕ್ ಒಳಗೆ ಹೋಗಿದ್ದಾಗ ಟ್ಯೂನಿಂಗ್ ಆರಂಭ. ಪ್ರೀಮಿಯರ್ ಪದ್ಮಿನಿಯಲ್ಲಿದ್ದ ಸೋಲೆಕ್ಸ್ ಬಗೆಯ ಕಾರ್ಬುರೇಟರಿನಲ್ಲಿ ಎರಡು ಸ್ಕ್ರೂಗಳಿಗೆ ಕೆಲಸ. ಒಂದು ಥ್ರಾಟಲ್ ತಟ್ಟೆ ಎಷ್ಟು ತೆರೆದಿರಬೇಕೆಂದು ನಿರ್ಧರಿಸುತ್ತದೆ, ಅದು ವೇಗದ್ದು. ಇನ್ನೊಂದು ಮಿಶ್ರಣದ್ದು. ಎಂಜಿನ್ ನಿಲ್ಲಿಸಿರುವಾಗ ಮಿಕ್ಸ್ಚರ್ ಸ್ಕ್ರೂವನ್ನು ಹಗುರವಾಗಿ ಕೊನೆಯವರೆಗೆ ಒಳಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ಬಿಡುವುದು ವಾಡಿಕೆ. ಜೋರಾಗಿ ಬಿಗಿದರೆ ಸ್ಕ್ರೂವಿನ ಚೂಪು ಮೂತಿಗೆ ಗೀರು ಬಿದ್ದು ಮುಂದೆಂದೂ ಹದ ಸಿಗದು. ಹಳೆಯ ಕಾರುಗಳ ಎಷ್ಟೋ ಕಾರ್ಬುರೇಟರುಗಳು ಕೆಟ್ಟಿರುವುದು ಹೀಗೆ, ರಿಪೇರಿಯ ಹೆಸರಿನಲ್ಲೇ.

ಬಳಿಕ ಎಂಜಿನ್ ಚಾಲೂ ಮಾಡಿ ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಕಾಲು ಸುತ್ತು ಹೊರಗೆ ಬಿಡುತ್ತ ಹೋಗಬೇಕು. ಪ್ರತಿ ಸಲವೂ ಕೆಲವು ಕ್ಷಣ ಕಾಯಬೇಕು. ಎಂಜಿನ್ ಉತ್ತರ ಕೊಡಲು ಅಷ್ಟು ಸಮಯ ತೆಗೆದುಕೊಳ್ಳುತ್ತದೆ. ಸದ್ದು ನುಣುಪಾಗುತ್ತ ವೇಗ ಏರುತ್ತದೆ. ಒಂದು ಹಂತ ದಾಟಿದ ಮೇಲೆ ಮತ್ತೆ ಭಾರವಾಗುತ್ತದೆ. ಆ ಎರಡರ ನಡುವಿನ ಅತಿ ಹೆಚ್ಚು ವೇಗದ ಜಾಗವೇ ಹದದ ಜಾಗ. ಏರಿದ ವೇಗವನ್ನು ಥ್ರಾಟಲ್ ಸ್ಕ್ರೂನಿಂದ ಇಳಿಸಿ, ಮಿಶ್ರಣವನ್ನು ಮತ್ತೊಮ್ಮೆ ನೋಡಬೇಕು. ಎರಡು ಮೂರು ಸಲ ಹೀಗೆ ಮಾಡಿ, ಕೊನೆಗೆ ಮಿಕ್ಸ್ಚರ್ ಸ್ಕ್ರೂವನ್ನು ಕೂದಲೆಳೆಯಷ್ಟು ಒಳಕ್ಕೆ ತಂದು ನಿಲ್ಲಿಸುತ್ತಾರೆ. ಎಂಜಿನ್ ನುಣುಪಾಗಿಯೂ ಇರಬೇಕು, ಹೊಗೆಯೂ ಕಡಿಮೆ ಇರಬೇಕೆಂಬುದೇ ಇದರ ಉದ್ದೇಶ.

ಒಂದು ಎಚ್ಚರಿಕೆ: ಎಲ್ಲ ಕಾರ್ಬುರೇಟರುಗಳಿಗೂ ಇದೇ ದಿಕ್ಕು ಅಲ್ಲ. ಸ್ಕ್ರೂ ಎಂಜಿನ್ ಬದಿಗಿದ್ದರೆ ಅದು ಸಾಮಾನ್ಯವಾಗಿ ಪೆಟ್ರೋಲ್ ಬೆರೆತ ಮಿಶ್ರಣವನ್ನು ತಡೆಯುವಂಥದ್ದು. ಹೊರಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಅನೇಕ ಹಳೆಯ ಬೈಕುಗಳಲ್ಲಿರುವಂತೆ ಏರ್ ಫಿಲ್ಟರ್ ಬದಿಗಿದ್ದರೆ ಅದು ಗಾಳಿಯ ಸ್ಕ್ರೂ. ಹೊರಗೆ ಬಿಟ್ಟರೆ ತೆಳುವಾಗುತ್ತದೆ. ಬೈಕಿನಲ್ಲಿ ಕೈ ಪಳಗಿದವರು ಕಾರಿಗೆ ಕೈಹಾಕಿದಾಗ ಎಡವುವುದು ಇಲ್ಲೇ.

ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 27 ಸಲ ಕಿಡಿ ಹಾರುತ್ತದೆ. ಅಷ್ಟನ್ನು ಎಣಿಸುವ ಕಿವಿ ಯಾರಿಗೂ ಇಲ್ಲ. ಆದರೆ ತಪ್ಪಿದ ಒಂದನ್ನು ಕಿವಿ ಗುರುತಿಸುತ್ತದೆ, ತಾಳ ತಪ್ಪಿದ ತಬಲಾ ಗುರುತಿಸಿದಂತೆ. ತಪ್ಪುವ ಬಗೆಯೂ ಎರಡು. ಮಿಶ್ರಣ ಗಟ್ಟಿಯಾದರೆ ಸದ್ದು ಒಂದು ಲಯದಲ್ಲಿ ಏರಿಳಿಯುತ್ತದೆ, ಹೊಗೆ ಕಪ್ಪಾಗುತ್ತದೆ. ತೆಳುವಾದರೆ ಲಯವಿಲ್ಲದೆ ಆಗೊಮ್ಮೆ ಈಗೊಮ್ಮೆ ತಪ್ಪುತ್ತದೆ, ಸೈಲೆನ್ಸರಿನಲ್ಲಿ ಪಟ್ ಎಂಬ ಸದ್ದು ಬರುತ್ತದೆ. ಪ್ಲಗ್ ಬಿಚ್ಚಿ ನೋಡಿದರೂ ಸುಳಿವು ಸಿಗುತ್ತದೆ: ಮಸಿ ಹಿಡಿದಿದ್ದರೆ ಗಟ್ಟಿ, ಬಿಳಿಚಿಕೊಂಡಿದ್ದರೆ ತೆಳು, ಬಿಸ್ಕತ್ತಿನ ಕಂದು ಬಣ್ಣವಿದ್ದರೆ ಹದ.

ಅಂಬಾಸಿಡರಿನ ಬೇರೆ ದಾರಿ

ಹಿಂದಿನ ಹಲವು ಅಂಬಾಸಿಡರ್ ಕಾರುಗಳಲ್ಲಿ ಈ ಎರಡು ಸ್ಕ್ರೂಗಳ ಪಾಠ ನಡೆಯುತ್ತಿರಲಿಲ್ಲ. ಅವುಗಳಲ್ಲಿದ್ದದ್ದು ಎಸ್‌ಯು ಕಾರ್ಬುರೇಟರ್. ಆ ಎರಡಕ್ಷರ ಸ್ಕಿನ್ನರ್ಸ್ ಯೂನಿಯನ್ ಎಂಬುದರ ಸಂಕ್ಷೇಪ. ಇಂಗ್ಲೆಂಡಿನಲ್ಲಿ ಪಾದರಕ್ಷೆ ವ್ಯಾಪಾರದ ಮನೆತನಕ್ಕೆ ಸೇರಿದ ಸ್ಕಿನ್ನರ್ ಸೋದರರು 20ನೇ ಶತಮಾನದ ಆರಂಭದಲ್ಲಿ ಇದನ್ನು ರೂಪಿಸಿದರು. ಮೊದಮೊದಲ ಮಾದರಿಗಳಲ್ಲಿ ಚರ್ಮದ ತಿದಿಯೇ ಇತ್ತು. 1926ರಲ್ಲಿ ಕಾರು ತಯಾರಕ ವಿಲಿಯಂ ಮಾರಿಸ್ ಆ ಕಂಪನಿಯನ್ನು ಕೊಂಡರು. ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರು 1950ರ ದಶಕದ ಕೊನೆಯಲ್ಲಿ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್‌ನ ಅಂಬಾಸಿಡರ್ ಆದಾಗ ಎಸ್‌ಯು ಕೂಡ ಜೊತೆಗೇ ಬಂತು.

ಎಸ್‌ಯು ಕಾರ್ಬುರೇಟರಿನಲ್ಲಿ ಸ್ಲೋ ಹಾದಿಗೆಂದು ಪ್ರತ್ಯೇಕ ಜೆಟ್ ಇಲ್ಲ. ಗಾಳಿಯ ಸೆಳೆತಕ್ಕೆ ತಕ್ಕಂತೆ ಏರಿಳಿಯುವ ಒಂದು ಪಿಸ್ಟನ್, ಅದರ ಕೆಳಗೆ ಒಂದು ಚೂಪಾದ ಸೂಜಿ. ಪಿಸ್ಟನ್ ಏರಿದಂತೆ ಸೂಜಿಯೂ ಏರಿ ಜೆಟ್ಟಿನ ಬಾಯಿ ಹೆಚ್ಚು ತೆರೆಯುತ್ತದೆ. ಹದ ಮಾಡಲು ಕೆಳಗಡೆ ಒಂದು ಆರುಮುಖದ ನಟ್ಟು. ಅದನ್ನು ಒಂದೊಂದೇ ಮುಖ ತಿರುಗಿಸಬೇಕು; ಮೇಲಕ್ಕೆ ಹೋದರೆ ತೆಳು, ಕೆಳಕ್ಕೆ ಬಂದರೆ ಗಟ್ಟಿ.

ಪರೀಕ್ಷೆಯೂ ಸೊಗಸಾದದ್ದು. ಎಂಜಿನ್ ಓಡುತ್ತಿರುವಾಗ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ತುಸು ಕಡಿಮೆ ಎತ್ತಬೇಕು. ವೇಗ ಏರಿ ಹಾಗೆಯೇ ಉಳಿದರೆ ಮಿಶ್ರಣ ಗಟ್ಟಿ. ಎಂಜಿನ್ ಕುಸಿದರೆ ತೆಳು. ಒಂದು ಕ್ಷಣ ತುಸು ಏರಿ ಮತ್ತೆ ಮೊದಲಿನಂತಾದರೆ ಹದ ಸರಿ. ಸೋಲೆಕ್ಸ್‌ನ ಸ್ಕ್ರೂ ನಿಂತ ಎಂಜಿನ್ನಿನ ಮಿಶ್ರಣವನ್ನಷ್ಟೇ ತಿದ್ದಿದರೆ, ಎಸ್‌ಯುವಿನ ನಟ್ಟು ಓಡುವ ಎಂಜಿನ್ನಿನ ಮಿಶ್ರಣವನ್ನೂ ಬದಲಿಸುತ್ತದೆ. ಈ ವ್ಯತ್ಯಾಸ ಮುಂದೆ ಮುಖ್ಯವಾಗುತ್ತದೆ.

ಮೈಲೇಜಿನ ಆಸೆ

‘ಇನ್ನೊಂದ್ ಸ್ವಲ್ಪ ಟೈಟ್ ಮಾಡ್ರಿ, ಮೈಲೇಜ್ ಬರ್ಲಿ’ ಎಂಬುದು ಗ್ಯಾರೇಜುಗಳಲ್ಲಿ ದಿನವೂ ಕೇಳುವ ಮಾತು. ಸೋಲೆಕ್ಸ್ ಬಗೆಯ ಕಾರ್ಬುರೇಟರಿನಲ್ಲಿ ಇದರಿಂದ ದೊಡ್ಡ ಉಳಿತಾಯವಿಲ್ಲ. ರಟ್ಟೀಹಳ್ಳಿಯಿಂದ ರಾಣೆಬೆನ್ನೂರಿಗೆ ಸಮವೇಗದಲ್ಲಿ ಹೋಗುವ ಕಾರು ಪೆಟ್ರೋಲ್ ಎಳೆಯುವುದು ಮುಖ್ಯವಾಗಿ ದೊಡ್ಡ ಜೆಟ್ಟಿನಿಂದ. ಸ್ಲೋ ಸ್ಕ್ರೂಗೂ ಆ ದಾರಿಯ ಖರ್ಚಿಗೂ ಸಂಬಂಧ ಅತ್ಯಲ್ಪ.

ಅತಿಯಾಗಿ ಬಿಗಿದರೆ ನಷ್ಟವೇ ಹೆಚ್ಚು. ಎಂಜಿನ್ ಪದೇ ಪದೇ ನಿಲ್ಲುತ್ತದೆ. ನಿಲ್ಲಬಾರದೆಂದು ಥ್ರಾಟಲ್ ಸ್ಕ್ರೂ ಏರಿಸುತ್ತಾರೆ. ಏರಿದ ವೇಗಕ್ಕೆ ಪೆಟ್ರೋಲ್ ಹೆಚ್ಚು ಬೇಕು. ಉಳಿಸಲು ಹೊರಟದ್ದು ಅಲ್ಲಿಗೆ ಮುಗಿಯಿತು. ಮಿಶ್ರಣ ಬೆಂಕಿ ಹಿಡಿಯದಷ್ಟು ತೆಳುವಾದಾಗ ಪೆಟ್ರೋಲ್ ಉರಿಯದೆಯೇ ಸೈಲೆನ್ಸರಿನಿಂದ ಹೊರಬೀಳುತ್ತದೆ ಎಂಬುದೂ ಅನೇಕರಿಗೆ ತಿಳಿಯದ ಸಂಗತಿ.

ಕಾಣದ ವಿಷ

ಸ್ಕ್ರೂ ಇನ್ನೊಂದು ದಿಕ್ಕಿಗೆ ತಪ್ಪಿದರೆ ಬೆಲೆ ತೆರುವವರು ಕಾರಿನ ಮಾಲೀಕರು ಮಾತ್ರವಲ್ಲ. ಗಾಳಿ ಸಾಲದೆ ಅರ್ಧಂಬರ್ಧ ಉರಿದ ಪೆಟ್ರೋಲಿನಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಕಣ್ಣುರಿಸುವ ಹೊಗೆಗೆ ಜನ ದೂರ ಸರಿಯುತ್ತಾರೆ. ಇದಕ್ಕೆ ಸರಿಯುವುದಿಲ್ಲ, ಏಕೆಂದರೆ ಇದು ಇರುವುದೇ ಗೊತ್ತಾಗುವುದಿಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮ ಮಿತಿ ಹಾಕಿದ್ದು ಇದಕ್ಕೇ. ಪೆಟ್ರೋಲ್ ಕಾರು ನಿಂತು ಓಡುವಾಗ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ನೂರಕ್ಕೆ 3 ಭಾಗ ಮೀರುವಂತಿಲ್ಲ ಎಂದು ಅದು ಹೇಳಿತು. ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ ಆಗ 4.5 ಭಾಗ. 2004ರ ಅಕ್ಟೋಬರಿನಿಂದ ಉರಿಯದ ಹೈಡ್ರೋಕಾರ್ಬನ್ನಿಗೂ ಮಿತಿ ಬಂತು. ಹಳೆಯ ಕಾರುಗಳಿಗೆ ಅದು ಹತ್ತು ಲಕ್ಷ ಭಾಗಕ್ಕೆ 1500. ಅಂದರೆ ಗಟ್ಟಿಯಾದರೆ ಮೊದಲ ಮಿತಿ ಹಿಡಿಯುತ್ತದೆ, ಬೆಂಕಿ ಹಿಡಿಯದಷ್ಟು ತೆಳುವಾದರೆ ಎರಡನೆಯದು. ಎರಡರ ನಡುವಿನ ಕಿರಿದಾದ ದಾರಿಯಲ್ಲಿ ಸ್ಕ್ರೂ ನಿಲ್ಲಬೇಕು.

ತಪಾಸಣೆ ಕೇಂದ್ರದ ಬಾಗಿಲಲ್ಲಿ ಸ್ಕ್ರೂ ಬಿಗಿದು, ಚೀಟಿ ಸಿಕ್ಕ ಮೇಲೆ ಮತ್ತೆ ಸಡಿಲಿಸುವ ಉಪಾಯ ಬಲ್ಲವರೂ ಇದ್ದಾರೆ. ಆ ಚೀಟಿಯಿಂದ ದಂಡ ತಪ್ಪೀತು, ಮನೆಯ ಶೆಡ್ಡಿನಲ್ಲಿ ಕಾರು ಚಾಲೂ ಮಾಡಿ ಬಿಡುವವರ ಜೀವಕ್ಕೆ ಅದು ಕಾವಲಲ್ಲ. ಉಸಿರಾಡುವ ಗಾಳಿಯಲ್ಲಿ ಈ ಅನಿಲ ನೂರಕ್ಕೆ ಒಂದು ಭಾಗ ಮುಟ್ಟಿದರೂ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಅಪಾಯ. ಮಳೆಗಾಲದಲ್ಲಿ ಬಾಗಿಲು ಹಾಕಿದ ಗ್ಯಾರೇಜಿನೊಳಗೆ ಟ್ಯೂನಿಂಗ್ ಮಾಡಬಾರದು ಎಂಬುದು ಸ್ಕ್ರೂ ಹಿಡಿಯುವ ಮೊದಲೇ ಕಲಿಯಬೇಕಾದ ಪಾಠ.

ಗೋವಿನಜೋಳ ಟ್ಯಾಂಕಿಗೆ ಬಂದಾಗ

ಮಿಸ್ತ್ರಿಗಳ ಕಿವಿ, ಕಾರಿನ ಜೆಟ್ ಎಲ್ಲವೂ ಒಂದು ನಂಬಿಕೆಯ ಮೇಲೆ ನಿಂತಿದ್ದವು: ಪೆಟ್ರೋಲ್ ಎಂದರೆ ಪೆಟ್ರೋಲ್. ಅದು ಮೊದಲು ಗಮನಾರ್ಹವಾಗಿ ಬದಲಾದದ್ದು 2000ದ ಫೆಬ್ರುವರಿಯಲ್ಲಿ. ದೇಶದಾದ್ಯಂತ ಸೀಸ ಬೆರೆತ ಪೆಟ್ರೋಲ್ ಮಾರಾಟ ನಿಂತಿತು. ಅದು ಜನರ ಆರೋಗ್ಯಕ್ಕೆ ದೊಡ್ಡ ಒಳಿತು. ಗಾಳಿ-ಪೆಟ್ರೋಲಿನ ಲೆಕ್ಕವೂ ಅದರಿಂದ ಹೆಚ್ಚೇನೂ ಕದಲಲಿಲ್ಲ.

ಎರಡನೆಯ ಬದಲಾವಣೆ ಆ ಲೆಕ್ಕವನ್ನೇ ಕದಲಿಸಿದೆ. ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಪ್ರಮಾಣ 2022ರ ಜೂನ್ ಹೊತ್ತಿಗೆ ದೇಶದಲ್ಲಿ ಸರಾಸರಿ ನೂರಕ್ಕೆ 10 ಭಾಗ ಮುಟ್ಟಿತು. 20 ಭಾಗ ಎಥೆನಾಲ್ ಇರುವ ಇ20 ಪೆಟ್ರೋಲ್ ಬಿಡುಗಡೆಯಾದದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. 2025ರ ವೇಳೆಗೆ ಅದು ದೇಶದ ಬಹುತೇಕ ಬಂಕುಗಳಿಗೆ ಬಂದಿತ್ತು. ಎಥೆನಾಲ್ ಮೊದಲು ಕಬ್ಬಿನ ಕಾಕಂಬಿಯಿಂದ ಬರುತ್ತಿತ್ತು. ಈಗ ಮೆಕ್ಕೆಜೋಳವೂ ಅದರ ಮುಖ್ಯ ಕಚ್ಚಾವಸ್ತು. ಹಾವೇರಿ ಜಿಲ್ಲೆ ರಾಜ್ಯದಲ್ಲಿ ಮೆಕ್ಕೆಜೋಳ ಹೆಚ್ಚು ಬೆಳೆಯುವ ಜಿಲ್ಲೆಗಳಲ್ಲೊಂದು. ಇಲ್ಲಿನವರು ಗೋವಿನಜೋಳ ಎನ್ನುವ ಬೆಳೆ ಕುಮುದ್ವತಿ ದಂಡೆಯ ಹೊಲಗಳಿಗೆ ಹೊಸದಲ್ಲ. ಅದೇ ಬೆಳೆ ರೂಪ ಬದಲಿಸಿ ಪೆಟ್ರೋಲ್ ಟ್ಯಾಂಕಿಗೂ ಬರುವಂತಾಗಿದೆ.

ರೈತರಿಗೆ ಇದು ಇನ್ನೊಂದು ಮಾರುಕಟ್ಟೆ. ಹಳೆಯ ಕಾರ್ಬುರೇಟರಿಗೆ ಇದು ಬೇರೊಂದು ಇಂಧನ. ಎಥೆನಾಲಿನೊಳಗೇ ಆಮ್ಲಜನಕ ಇರುವುದರಿಂದ ಅದು ಉರಿಯಲು ಹೊರಗಿನ ಗಾಳಿ ಕಡಿಮೆ ಸಾಕು. ಒಂದು ಕಿಲೋ ಎಥೆನಾಲಿಗೆ ಬೇಕಾದದ್ದು ಸುಮಾರು 9 ಕಿಲೋ ಗಾಳಿ. ಹೀಗಾಗಿ 10 ಭಾಗ ಬೆರೆತಾಗ 14.7ರ ಲೆಕ್ಕ ಸುಮಾರು 14.1ಕ್ಕೆ, 20 ಭಾಗ ಬೆರೆತಾಗ ಸುಮಾರು 13.5ಕ್ಕೆ ಇಳಿಯುತ್ತದೆ. ಹೊಸ ಕಾರುಗಳಲ್ಲಿ ಸೈಲೆನ್ಸರಿನ ಆಮ್ಲಜನಕ ಅಳೆಯುವ ಸೆನ್ಸರ್ ಇದನ್ನು ಗಮನಿಸಿ ಇಂಧನವನ್ನು ತಾನೇ ಹೆಚ್ಚಿಸುತ್ತದೆ. ಕಾರ್ಬುರೇಟರಿಗೆ ಅಂಥ ಕಣ್ಣಿಲ್ಲ. ಅದೇ ಜೆಟ್, ಅದೇ ತೂತು, ಅದೇ ಗಾಳಿ. ಫಲವಾಗಿ, ಯಾರೂ ಸ್ಕ್ರೂ ಮುಟ್ಟದಿದ್ದರೂ ಮಿಶ್ರಣ ನೂರಕ್ಕೆ ಏಳೆಂಟು ಭಾಗದಷ್ಟು ತೆಳುವಾಗಿಬಿಡುತ್ತದೆ.

ನಿನ್ನೆಯವರೆಗೆ ಚೆನ್ನಾಗಿದ್ದ ಕಾರು ಮುಂಜಾನೆ ಏಳಲು ತಕರಾರು ಮಾಡಿದರೆ, ಸ್ಲೋ ನಿಲ್ಲದಿದ್ದರೆ, ಪಿಕಪ್ ಕೊಡುವಾಗ ಮುಗ್ಗರಿಸಿದರೆ ಕಾರಣ ಇಲ್ಲೂ ಇರಬಹುದು. ‘ಪೆಟ್ರೋಲಿನಲ್ಲಿ ಏನೋ ಬೆರೆಸಿದ್ದಾರೆ’ ಎಂದು ಬಂಕಿನವರನ್ನು ದೂರಿ ಪ್ರಯೋಜನವಿಲ್ಲ. ಬೆರೆಸಿರುವುದು ಸರ್ಕಾರದ ನೀತಿಯಂತೆಯೇ.

ಪರಿಹಾರದ ಮೊದಲ ಹೆಜ್ಜೆ ಅದೇ ಹಳೆಯ ಕಾಲು ಸುತ್ತು, ಆದರೆ ಹೊಸ ಪೆಟ್ರೋಲ್ ತುಂಬಿದ ಮೇಲೆ ಹೊಸದಾಗಿ. ಒಂದೂವರೆ ಸುತ್ತಿನಲ್ಲಿ ಸಿಗುತ್ತಿದ್ದ ಹದ ಈಗ ತುಸು ಹೊರಗೆ ಸಿಗುತ್ತದೆ. ಹಳೆಯ ಗುರುತಿಗೆ ಸ್ಕ್ರೂ ತಂದು ನಿಲ್ಲಿಸುವ ರೂಢಿ ಬಿಟ್ಟು ಕಿವಿಯನ್ನೇ ನಂಬಬೇಕು. ಆದರೆ ಸೋಲೆಕ್ಸ್ ಬಗೆಯಲ್ಲಿ ಇದು ನಿಂತ ಎಂಜಿನ್ನಿಗಷ್ಟೇ ಮದ್ದು. ಓಡುವಾಗಲೂ ತೆಳುವಾಗಿ ಎಂಜಿನ್ ಕಾಯುತ್ತಿದ್ದರೆ ದೊಡ್ಡ ಜೆಟ್ಟನ್ನೇ ಒಂದು ಅಳತೆ ಮೇಲಿನದಕ್ಕೆ ಬದಲಿಸಬೇಕಾದೀತು. ಎಸ್‌ಯುವಿನಲ್ಲಿ ಒಂದೇ ನಟ್ಟು ಎರಡನ್ನೂ ತಿದ್ದುತ್ತದೆ; ನೂರು ವರ್ಷ ದಾಟಿದ ಆ ವಿನ್ಯಾಸಕ್ಕೆ ಈ ಅನುಕೂಲ ಈಗಲೂ ಇದೆ.

ಇನ್ನೆರಡು ಎಚ್ಚರಿಕೆಗಳುಂಟು. ಎಥೆನಾಲಿನಿಂದ ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಉಬ್ಬಿ ಬಿರಿಯಬಹುದು. ಪೆಟ್ರೋಲ್ ಸೋರುವ ಕಾರಿನಲ್ಲಿ ಮಿಶ್ರಣದ ಚಿಂತೆ ಎರಡನೆಯದು, ಬೆಂಕಿಯದ್ದು ಮೊದಲನೆಯದು. ಹಳೆಯ ವಾಹನಗಳಲ್ಲಿ ಕೆಲವು ರಬ್ಬರ್ ಭಾಗಗಳನ್ನು ಬದಲಿಸಬೇಕಾದೀತು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ಎಥೆನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ನೀರು ಬೇರ್ಪಟ್ಟು ತಳಕ್ಕಿಳಿಯಬಹುದು. ಆ ನೀರು ಕಾರ್ಬುರೇಟರಿಗೆ ಬಂದರೆ ಯಾವ ಸ್ಕ್ರೂವಿನಿಂದಲೂ ಹದ ಬಾರದು. ಟ್ಯಾಂಕ್ ತೊಳೆಯುವುದೊಂದೇ ದಾರಿ.

ಉಳಿದಿರುವವರೆಗೆ

ಕಾರ್ಬುರೇಟರಿನ ಕಾಲ ಮುಗಿಯುತ್ತ ಬಂದಿದೆ. 2000ದ ಏಪ್ರಿಲಿನಲ್ಲಿ ಹೊಗೆಯ ಹೊಸ ಮಾನದಂಡ ದೇಶವ್ಯಾಪಿಯಾದ ಮೇಲೆ ಕಾರುಗಳಲ್ಲಿ ಅದರ ಜಾಗಕ್ಕೆ ಕ್ರಮೇಣ ಇಂಜೆಕ್ಷನ್ ಬಂತು. ಮಾರುತಿ 800 ಮತ್ತು ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. 2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ 6 ಜಾರಿಯಾಗಿ ಹೊಸ ಬೈಕುಗಳಿಂದಲೂ ಕಾರ್ಬುರೇಟರ್ ಹೊರನಡೆಯಿತು. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಿಸುವ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಹಳೆಯ ಕಾರು ಇಟ್ಟುಕೊಳ್ಳುವುದು ಈಗ ಅಗ್ಗದ ಮಾತಲ್ಲ.

ಹಾಗಿದ್ದೂ ಅವು ಪೂರ್ತಿ ಹೋಗಿಲ್ಲ. ಅಪ್ಪನ ಕಾಲದ ಕಾರನ್ನು ಮಾರಲು ಮನಸ್ಸಾಗದವರಿದ್ದಾರೆ. ಇದ್ದುದರಲ್ಲೇ ಸಾಗಿಸಬೇಕಾದವರೂ ಇದ್ದಾರೆ. 2020ಕ್ಕೆ ಮೊದಲಿನ ಲೆಕ್ಕವಿಲ್ಲದಷ್ಟು ಬೈಕುಗಳಲ್ಲಿ ಅದೇ ಸಣ್ಣ ಸ್ಕ್ರೂ ಇದೆ. ಇತ್ತ ಸ್ಕ್ಯಾನರ್ ಹಿಡಿದು ಕೆಲಸ ಕಲಿತ ಹೊಸ ತಲೆಮಾರಿನ ಮೆಕ್ಯಾನಿಕ್‌ಗಳಿಗೆ ಅದನ್ನು ತಿರುಗಿಸಿ ಅಭ್ಯಾಸವಿಲ್ಲ. ಬಲ್ಲ ಹಿರಿಯರಿಗೆ ಪೆಟ್ರೋಲ್ ಎಷ್ಟು ಬದಲಾಗಿದೆಯೆಂದು ಯಾರೂ ಕೂರಿಸಿ ಹೇಳಿಲ್ಲ.

ಹಿರಿಯರ ಕಿವಿ ಮತ್ತು ಕಿರಿಯರ ಕೈಯಲ್ಲಿರುವ ಹೊಗೆ ಅಳೆಯುವ ಯಂತ್ರ ಒಂದೇ ಗ್ಯಾರೇಜಿನಲ್ಲಿ ಕೂಡಿದರೆ ಈ ತೊಡಕು ದೊಡ್ಡದಲ್ಲ. ಕಿವಿ ಹದದ ಜಾಗ ತೋರಿಸುತ್ತದೆ. ಅದು ಮಿತಿಯೊಳಗಿದೆಯೇ ಎಂಬುದನ್ನು ಯಂತ್ರ ಹೇಳುತ್ತದೆ. ಇದಕ್ಕೆ ಬೇಕಾದದ್ದು ಬಿಸಿಯಾದ ಎಂಜಿನ್, ತೆರೆದ ಬಯಲು, ಅರ್ಧ ಗಂಟೆಯ ತಾಳ್ಮೆ. ಅಷ್ಟಾದರೆ ಕಾರು ಸಿಗ್ನಲ್ಲಿನಲ್ಲಿ ನಿಲ್ಲುವುದಿಲ್ಲ. ಅದರ ಹಿಂದೆ ಸೈಕಲ್ ಹಿಡಿದು ನಿಂತ ಶಾಲೆಯ ಹುಡುಗ ವಿಷವನ್ನೂ ಉಸಿರಾಡಬೇಕಾಗಿಲ್ಲ.